ಗಿಟಾರಿನ ಅಂಚಿಗೆ ಎರಡು ಹಲ್ಲು

ನಮ್ಮ ಹೆಡ್ ಮಾಸ್ತರರ ಬಲಗೈ ತೋರುಬೆರಳಿನ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಗುರುತುಗಳಿದ್ದವು. ಎಲ್ಲವೂ ನಮ್ಮೂರು ಮೂಡಲಗಿಯ ಮಕ್ಕಳು ಕಚ್ಚಿದ್ದು. ಬ್ರಿಟಿಷರ ಕಾಲ ಅದು. ಶಾಲೆಗೆ ಸೇರಲು ಬಂದ ಮಗುವಿನ ವಯಸ್ಸು ಹೆತ್ತವರಿಗೂ ಗೊತ್ತಿರುತ್ತಿರಲಿಲ್ಲ. ಮಾಸ್ತರರು ಬಾಯೊಳಗೆ ಬೆರಳಿಟ್ಟು ಹಲ್ಲು ತಡವಿ ನೋಡುತ್ತಿದ್ದರು, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ. ಕೆಲವರು ಸುಮ್ಮನೆ ಬಾಯಿ ತೆರೆದರು, ಕೆಲವರು ಕಚ್ಚಿದರು. ನಾನು ಕಚ್ಚಿದವಳು.

ಹಲ್ಲು ನೋಡಿದ ಮೇಲೆ ತಾಯಿಯ ಕಡೆ ತಿರುಗುತ್ತಿದ್ದರು. "ಇದು ಹುಟ್ಟಿದಾಗ ಹೊಲದಾಗ ಏನಿತ್ತವ್ವಾ? ಜ್ವಾಳಾ ಕೊಯ್ದಿದ್ರೋ, ಇನ್ನಾ ಹಸಿ ತೆನಿ ಇತ್ತೋ?" ಆಗ ಯಾವ ಎಮ್ಮೆ ಕರು ಹಾಕಿತ್ತು, ಓಣಿಯಲ್ಲಿ ಯಾರ ಮದುವೆಯಾಗಿತ್ತು ಎಂದೆಲ್ಲ ಕೇಳಿ ಕೇಳಿ ಹುಟ್ಟಿದ ತಿಂಗಳನ್ನು ಹಿಡಿದೇ ಬಿಡುತ್ತಿದ್ದರು. ಬೇರೆ ಊರಿನ ಮಾಸ್ತರರು ಎಲ್ಲ ಮಕ್ಕಳನ್ನೂ ಶಾಲೆ ತೆರೆಯುವ ತಿಂಗಳಲ್ಲೇ ಹುಟ್ಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವರಿಗೆ ಅದು ಸೇರುತ್ತಿರಲಿಲ್ಲ. "ಕೂಸು ಹುಟ್ಟಿದ್ದು ಖರೆ ಇದ್ದ ಮ್ಯಾಲ, ಹುಟ್ಟಿದ ಹೊತ್ತೂ ಖರೆ ಇರಬೇಕಲ್ಲಾ" ಎನ್ನುತ್ತಿದ್ದರು.

ಇಷ್ಟೆಲ್ಲ ಜಾಣರಾದ ಇವರಿಗೆ ಸಂಗೀತದ ಗಂಧವೇ ಇರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಅವರು ದನಿ ಎತ್ತಿದರೆ ನಾವು ತುಟಿ ಕಚ್ಚಿ ನಗು ನುಂಗಬೇಕಾಗುತ್ತಿತ್ತು. ಹಾಗಿದ್ದೂ ಒಂದು ಗಿಟಾರಿನ ವಯಸ್ಸು ಅವರೇ ಹೇಳಬೇಕಾಗಿ ಬಂತು.

ನನ್ನ ಅಪ್ಪ ನಾಟಕ ಕಂಪನಿಗಳಲ್ಲಿ ವಾದ್ಯ ನುಡಿಸುತ್ತಿದ್ದ. ಬೆಳಗಾವಿಯ ಬ್ಯಾಂಡಿನಲ್ಲಿದ್ದ ಗೋವೆಯ ಗೆಳೆಯನೊಬ್ಬ ಊರಿಗೆ ಮರಳುವಾಗ ತನ್ನ ಹಳೆಯ ಗಿಟಾರನ್ನು ಅಪ್ಪನ ಕೈಗಿಟ್ಟು ಹೋಗಿದ್ದನಂತೆ. ಅಪ್ಪನಿಗೆ ಅದೇ ಪ್ರಾಣ. ಹೊಸದಾಗಿ ಸೇರಿದ್ದ ಕಂಪನಿ ಹುಕ್ಕೇರಿಯಲ್ಲಿ ಬಿಡಾರ ಹೂಡಿದ್ದಾಗ ಅಪ್ಪನಿಗೆ ಜ್ವರ ಬಂತು, ಇಳಿಯಲೇ ಇಲ್ಲ. ಅವನ ಬಟ್ಟೆಬರೆಯ ಜೊತೆಗೆ ಗಿಟಾರೂ ಚಕ್ಕಡಿಯಲ್ಲಿ ಮನೆಗೆ ಬಂತು.

ಕಂಪನಿಯ ಮಾಲಕರು ಅವ್ವನನ್ನು ಮಾತಾಡಿಸಲು ಗೋಕಾಕದಿಂದ ಬಂದರು. ಒಳ್ಳೆಯವರೇ. ಆದರೆ ಗೂಟಕ್ಕೆ ತೂಗುಹಾಕಿದ್ದ ಗಿಟಾರು ಕಂಡದ್ದೇ ಅವರ ಮುಖ ಬದಲಾಯಿತು.

"ಸಿಟ್ಟಾಗಬ್ಯಾಡ ತಂಗಿ. ಹ್ವಾದ ವರ್ಷ ಮುಂಬೈದಿಂದ ನಾನ ತರಿಸಿದ ಹಳೇ ಗಿಟಾರ ಇದು. ಹುಕ್ಕೇರಿಯೊಳಗ ಕಾಣಲಾರದಂಗ ಆಗಿತ್ತು. ಎಲ್ಲಿ ಬಂದೈತಿ ಅಂತ ಈಗ ತಿಳೀತು."

ಅವ್ವ ಎದ್ದು ನಿಂತಳು. "ವಾದ್ಯಾ ಬೇಕಾದ್ರ ಒಯ್ರಿ. ಸತ್ತಾವಗ ಕಳ್ಳ ಅನ್ನಬ್ಯಾಡ್ರಿ."

ಓಣಿಯೆಲ್ಲ ಬಾಗಿಲಿಗೆ ಬಂತು. ಯಾರೋ ಹೋಗಿ ಮಾಸ್ತರರನ್ನು ಕರೆತಂದರು. ಅವರು ಗೋಡೆಗೆ ಒರಗಿ ಕೂತು, ಎರಡೂ ಕಡೆಯ ಮಾತು ಕೇಳಿ, ಗಿಟಾರನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ತಮ್ಮ ಎಂದಿನ ಪ್ರಶ್ನೆಯನ್ನೇ ಕೇಳಿದರು. "ಇದು ನಿಮ್ಮ ಮನಿಗೆ ಬಂದಾಗ ಹೊಲದಾಗ ಏನಿತ್ತವ್ವಾ?"

ಅಳುವ ಅವ್ವನಿಗೂ ಒಂದು ಕ್ಷಣ ನಗು ಬಂದಿರಬೇಕು. "ಕುಸುಬಿ ಬಡ್ಯಾಕತ್ತಿದ್ವಿರಿ. ಇಕಿ ಹೊಟ್ಟ್ಯಾಗಿದ್ಲು" ಎಂದು ನನ್ನ ಕಡೆ ಕೈ ಮಾಡಿದಳು.

"ಬಾಯಿಮಾತು ಯಾರರ ಹೇಳ್ತಾರ್ರಿ ಮಾಸ್ತರ. ಸಾಕ್ಷಿ ಬೇಕಲ್ಲಾ" ಎಂದರು ಮಾಲಕರು.

ಮಾಸ್ತರರು ಗಿಟಾರಿನ ಅಂಚಿನುದ್ದಕ್ಕೂ ಬೆರಳು ಎಳೆಯುತ್ತ ಹೋದರು. ಅಗಲವಾದ ಕೆಳಭಾಗದಲ್ಲಿ ಬೆರಳು ನಿಂತಿತು. ಮೆತ್ತನೆಯ ಕಟ್ಟಿಗೆಯಲ್ಲಿ ಎರಡು ಸಣ್ಣ ತಗ್ಗುಗಳಿದ್ದವು.

"ಇಲಿ ಕಡದದ್ದಿರಬೇಕ್ರಿ" ಎಂದರು ಮಾಲಕರು.

"ಇಲಿ ಆದ್ರ ಕಟ್ಟಿಗಿ ತಿಂದು ಹೋಗ್ತೈತಿ. ಇದು ಒತ್ತಿದ್ದು." ಮಾಸ್ತರರು ನನ್ನನ್ನು ಕರೆದರು. "ಬಾಯಿ ತಗೀ. ಈ ಸಲ ಕಚ್ಚಬ್ಯಾಡ."

ನನ್ನ ಕೆಳಗಿನ ಮುಂದಿನ ಹಾಲುಹಲ್ಲು ಎರಡರಲ್ಲಿ ಎಡಗಡೆಯದು ತುಸು ಓರೆ. ಆಗ ಅದು ಅಲ್ಲಾಡುತ್ತಲೂ ಇತ್ತು; ಬಿದ್ದ ಕೂಡಲೇ ಮನೆಯ ಮೇಲೆ ಎಸೆಯಬೇಕೆಂದು ಅವ್ವ ಹೇಳಿಟ್ಟಿದ್ದಳು. ಮಾಸ್ತರರು ಅದನ್ನು ಮುಟ್ಟಿ ನೋಡಿ, "ಬೀಳೂದರಾಗ ಸಾಕ್ಷಿ ಹೇಳಲಿ" ಎಂದು ಗಿಟಾರಿನ ಅಂಚನ್ನು ನನ್ನ ಬಾಯಿಗೆ ಹಿಡಿದರು. ಹಲ್ಲುಗಳೆರಡೂ ತಗ್ಗಿನಲ್ಲಿ ಹೋಗಿ ಕೂತವು. ಓರೆಯ ಜಾಗದಲ್ಲಿ ಓರೆ, ನೇರದ ಜಾಗದಲ್ಲಿ ನೇರ. ಹಳೆಯ ವಾರ್ನಿಶಿನ ಕಹಿ ಇಂದಿಗೂ ನನ್ನ ನಾಲಿಗೆಗೆ ನೆನಪಿದೆ.

"ನೋಡ್ರಿ ಮಾಲಕರ. ಕೆಳಗಿನ ಎರಡೇ ಹಲ್ಲು ಮೂಡ್ಯಾವ. ಬಾಜೂಕಿನ ಹಲ್ಲಿಲ್ಲ, ಮ್ಯಾಲಿನವೂ ಇಲ್ಲ. ಎರಡೇ ಹಲ್ಲು ಬಂದಿದ್ದಾಗ ಕಚ್ಚ್ಯಾಳ, ಅಂದ್ರ ಆಗಿನ್ನಾ ವರ್ಷದ ಕೂಸಿಲ್ಲ. ಈಗ ಹಲ್ಲು ಬೀಳೂವಷ್ಟು ದೊಡ್ಡಾಕಿ ಆಗ್ಯಾಳ. ನಿಮ್ಮ ಗಿಟಾರ ಬಂದದ್ದು ಹ್ವಾದ ವರ್ಷ. ಇದು ಅದಲ್ಲ."

ಮಾಲಕರು ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು, "ತಪ್ಪಾತು ತಂಗಿ. ಅವನೂ ಇದನ್ನ ಕೇಳ್ಲಿ" ಎಂದು ಮೇಲೆ ನೋಡಿ ಕೈಮುಗಿದರು. ಅವ್ವ ಅಲ್ಲೇ ಕುಸಿದು ಕೂತು ಬಾಯಿಬಿಟ್ಟು ಅತ್ತಳು.

"ಹಂಗಾದ್ರ ಇದರ ವಯಸ್ಸೆಷ್ಟ್ರಿ?" ಎಂದು ಗುಂಪಿನಲ್ಲಿ ಯಾರೋ ಕೇಳಿದರು. "ಈ ಹುಡುಗಿಗಿಂತಾ ದೊಡ್ಡದು. ಅದಕ್ಕಿಂತಾ ಮದಲಿಂದು ಅದರ ತಾಯಿನ್ನ ಕೇಳಬೇಕು" ಎಂದು ಮಾಸ್ತರರು ಧೋತರ ಝಾಡಿಸಿಕೊಂಡು ಎದ್ದರು. ಹೋಗುವಾಗ ಅವ್ವನಿಗೆ, "ಗೂಟಕ್ಕ ಹಾಕಿ ಇಡಬ್ಯಾಡವ್ವಾ. ಕಚ್ಚಿದಾಕಿ ನುಡಸ್ಲಿ" ಎಂದರು. ನಾನು ನುಡಿಸಲು ಕಲಿತದ್ದು ಆ ಒಂದು ಮಾತಿನಿಂದ.

ಮುಂದೆ ಮಿರಜದಲ್ಲಿ ರಿಪೇರಿಗೆ ಕೊಟ್ಟಾಗ ಅಂಗಡಿಯವರು ಆ ತಗ್ಗುಗಳನ್ನು ತುಂಬಿ ನುಣುಪು ಮಾಡಿಕೊಡುತ್ತೇನೆ ಎಂದರು. ನಾನು ಜಗಳಕ್ಕೇ ನಿಂತೆ.

ಮಾಸ್ತರರು ನಿವೃತ್ತರಾಗಿ ತಮ್ಮ ಊರು ಮೇಲವಂಕಿಗೆ ಹೋದರು. ಕೊನೆಗೆ ಕಣ್ಣು ಕಾಣುತ್ತಿರಲಿಲ್ಲ. ಗಿಟಾರು ತೆಗೆದುಕೊಂಡು ಹೋಗಿ ಅವರ ಮುಂದೆ ಕೂತು ನುಡಿಸಿದೆ. ತಾಳ ತಪ್ಪಿಸಿ ತಲೆದೂಗುತ್ತ ಪೂರ್ತಿ ಕೇಳಿದರು. ಮುಗಿದ ಮೇಲೆ ಕೈ ಚಾಚಿ, ಅಂಚಿನ ಗುಂಟ ಬೆರಳು ಸರಿಸಿ, ತಗ್ಗು ಸಿಕ್ಕೊಡನೆ "ಅದಾವ" ಎಂದರು. ಆ ಮಳೆಗಾಲದಲ್ಲೇ ತೀರಿಕೊಂಡರು.

ನುಡಿಸಲು ಕೂತಲ್ಲೆಲ್ಲ ಜನ ಇದು ಯಾರ ಗಿಟಾರು ಎಂದು ಕೇಳುತ್ತಾರೆ. ನಾನು ತಲೆ ಎತ್ತಿ, "ನಮ್ಮಪ್ಪಂದ್ರಿ" ಎನ್ನುತ್ತೇನೆ.