ಗುಂಡುಕಲ್ಲಿನಂಥ ಚಿಕ್ಕವ್ವ

ಇವತ್ತು ಬೆಳಿಗ್ಗೆ ಪಾಂಡವಪುರದ ಲ್ಯಾಬೊಂದರಲ್ಲಿ ಶುಗರ್ ಟೆಸ್ಟಿಗೆ ತೋಳು ಒಡ್ಡಿ ಕೂತಿದ್ದೆ. ಹುಡುಗಿ ಸ್ಪಿರಿಟ್ಟಿನ ಹತ್ತಿ ಒರೆಸಿದಳು ನೋಡಿ, ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಅರಕೆರೆಯ ನನ್ನ ಚಿಕ್ಕವ್ವ ರಾಜಮ್ಮ ನೆನಪಾದಳು. ಸುಮ್ಮನೆ ಅಲ್ಲ, ಸೊಂಟಕ್ಕೆ ಕೈಯಿಟ್ಟುಕೊಂಡೇ ಬಂದಳು.

ಚಿಕ್ಕವ್ವ ನಮ್ಮವ್ವನ ಕೊನೇ ತಂಗಿ. ಗಂಡ ಕಬ್ಬಿನ ಲಾರಿ ಓಡಿಸುತ್ತಿದ್ದ. ಅವನು ಸೊರಗಿ ಹಾಸಿಗೆ ಹಿಡಿದಾಗ ಇಬ್ಬರ ರಕ್ತವನ್ನೂ ನೋಡಿದರು; ಇಬ್ಬರಿಗೂ ಎಚ್‌ಐವಿ. ವರ್ಷ ತುಂಬುವುದರೊಳಗೆ ಅವನು ಹೋದ. ಇವಳಿಗೆ ಒಂದು ನೆಗಡಿಯೂ ಬರಲಿಲ್ಲ. ಆಗೆಲ್ಲ ಮೈ ಇಳಿದವರಿಗೆ ಮಾತ್ರ ಮಾತ್ರೆ ಕೊಡುತ್ತಿದ್ದರು. ಇವಳು ಇಳಿಯಲೇ ಇಲ್ಲ. ಏಳೆಂಟು ವರ್ಷ ಎರಡು ಸೀಮೆಹಸು ಕಟ್ಟಿಕೊಂಡು, ಹುಲ್ಲು ಹೊತ್ತು, ಡೈರಿಗೆ ಹಾಲು ಹಾಕಿಕೊಂಡು ಗುಂಡುಕಲ್ಲಿನ ಹಾಗಿದ್ದಳು.

ಅದೇ ತಪ್ಪಾಯಿತು. ನರಳಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದರೇನೋ. "ನನ್ ಮಗನ್ನ ತಿಂದ್ಕಂಡು ಇವ್ಳು ಎಂಗವ್ಳೆ ನೋಡ್ರಪ್ಪಾ! ಕಾಯ್ಲೆ ಇವ್ಳದ್ದೇ, ಅದ್ಕೇ ಇವ್ಳಿಗೇನೂ ಆಗಿಲ್ಲ" ಅಂತ ಅವಳ ಅತ್ತೆ ಬೀದಿಬೀದಿಯಲ್ಲಿ ಸಾರಿದಳು. ಹಾವಿಗೆ ತನ್ನ ವಿಷ ಏರುತ್ತದೆಯೇ ಅನ್ನುವ ತರ್ಕ. ಊರೂ ತಲೆದೂಗಿತು. ಇವಳನ್ನು ಮನೆಯಿಂದ ಆಚೆ ಹಾಕಬೇಕು, ಅದಕ್ಕೆ ಮೊದಲು ಡೈರಿಯಲ್ಲಿ ಹಾಲು ನಿಲ್ಲಿಸಬೇಕು ಅಂತ ಗುಸುಗುಸು ಶುರುವಾಯಿತು. ಹಾಲು ನಿಂತರೆ ಅವಳ ಬದುಕೇ ನಿಂತ ಹಾಗೆ.

ಇನ್ನು ನನ್ನ ಘನಕಾರ್ಯ ಕೇಳಿ. ನಾನು ಕೆ.ಆರ್. ಪೇಟೆಯಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. 'ಒಟ್ಟಿಗೆ ಉಂಡರೆ ಎಚ್‌ಐವಿ ಹರಡುವುದಿಲ್ಲ' ಅಂತ ಬೋರ್ಡಿನ ಮೇಲೆ ಗುಂಡಗೆ ಬರೆಯುತ್ತಿದ್ದವನು, ಚಿಕ್ಕವ್ವ ಕೊಟ್ಟ ಕಾಫಿಯನ್ನು ಅವಳು ಒಳಗೆ ಹೋದಾಗ ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದೆ. ಒಂದು ದಿನ ಅವಳೇ ಅಂದಳು: "ಲೇ ಮೇಷ್ಟ್ರೇ, ಗಿಡುಕ್ಕೆ ಸಕ್ಕರೆ ಜಾಸ್ತಿ ಆಯ್ತದೆ ಕಣ್ಲಾ, ಮುಂದಿನ್ ಸಲ ಕಮ್ಮಿ ಆಕ್ತೀನಿ." ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ನಾಚಿಕೆಗೇ, ಅವಳಿಗೆ ಯಾಕೆ ಏನೂ ಆಗಿಲ್ಲ ಅಂತ ಕೇಳಲು ಅವಳ ಜೊತೆ ಮೈಸೂರಿನ ಆಸ್ಪತ್ರೆಗೆ ಹೋದೆ.

ಅಲ್ಲಿ ಡಾಕ್ಟರಮ್ಮ ಎಷ್ಟೋ ಸೀಸೆ ರಕ್ತ ತೆಗೆದು, ತಿಂಗಳಾದ ಮೇಲೆ ಕರೆಸಿ ಬಿಡಿಸಿ ಹೇಳಿದರು. ವೈರಸ್ಸು ಹೊಕ್ಕ ಜೀವಕೋಶ ಅದರ ಚೂರೊಂದನ್ನು ಹೊರಗೆ ಎತ್ತಿ ತೋರಿಸುತ್ತದಂತೆ, ಕಾವಲಿನ ಕಣಗಳಿಗೆ ಗುರುತು ಸಿಗಲಿ ಅಂತ. ಎತ್ತಿ ತೋರಿಸುವ ಆ ಕೈ ಒಬ್ಬೊಬ್ಬರಿಗೆ ಒಂದೊಂದು ಥರ, ಅಪ್ಪ ಅವ್ವನಿಂದ ಬರುವುದು. ಕೆಲವೇ ಜನರ ಕೈಗೆ, ವೈರಸ್ಸು ಬದಲಾಯಿಸಿಕೊಂಡರೆ ತಾನೇ ಸೊರಗುವಂಥ ಚೂರು ಸಿಕ್ಕಿಬಿಡುತ್ತದೆ; ವೇಷ ಬದಲಿಸಲಾರದ ವೈರಸ್ಸು ಕಾವಲಿನವರ ಕಣ್ಣು ತಪ್ಪಿಸಲಾರದು. "ನಿಮ್ದು ಅಂಥ ಕೈ ಕಣಮ್ಮ. ನೀವು ಗಟ್ಟಿಯಾಗಿದೀರಿ ಅನ್ನೋದ್ರಿಂದ ಯಾರು ಯಾರಿಗೆ ಕೊಟ್ರು ಅಂತ ಹೇಳೋಕಾಗಲ್ಲ. ಆದ್ರೆ ವೈರಸ್ಸು ಒಳಗೇ ಇದೆ, ಇನ್ಮೇಲೆ ಎಲ್ಲರಿಗೂ ಮಾತ್ರೆ, ನಿಮಗೂನೂವೆ."

"ಅಂಗಾರೆ ನನ್ನ ಕಾಪಾಡಿರೋದು ನಮ್ಮವ್ವ ನಮ್ಮಪ್ಪ ಕೊಟ್ಟ ಮೈ" ಅಂದಳು ಚಿಕ್ಕವ್ವ. ಬಸ್ಸಿನಲ್ಲಿ ಶ್ರೀರಂಗಪಟ್ಟಣ ಬರುವವರೆಗೂ ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಆ ರಾತ್ರಿ ನಾನು ಅವಳ ಮನೆಯಲ್ಲೇ ಉಳಿದೆ. ಮಾರನೆಯ ದಿನ ಬೆಳಿಗ್ಗೆ ಡೈರಿಯಲ್ಲಿ ಅವಳ ಸರದಿ ಬಂದಾಗ ಕಾರ್ಯದರ್ಶಿ ಕ್ಯಾನಿನ ಬಾಯಿಗೆ ಕೈ ಅಡ್ಡ ಹಿಡಿದ. "ಬ್ಯಾಡ ಕಣವ್ವ. ಎಲ್ಲಾರ್ ಹಾಲೂ ಒಂದೇ ಕ್ಯಾನಿಗೆ ಬೀಳದು." ಹಿಂದೆ ಅತ್ತೆಯೂ ನಿಂತಿದ್ದಳು. ಚಿಕ್ಕವ್ವ ನನ್ನ ಕಡೆ ತಿರುಗಿ, "ಎಲ್ಲಾರ್ಗೂ ಕೇಳಂಗೆ ಏಳ್ಲಾ, ಪಾಠ ಮಾಡೋನು ನೀನು" ಅಂದಳು. ಮೂವತ್ತು ಜನ ನನ್ನನ್ನೇ ನೋಡುತ್ತಿದ್ದರು. ಕೆಮ್ಮಿದೆ, ಅಷ್ಟೆ.

ಅವಳು ನನ್ನ ಮುಖ ನೋಡಿ ಪಾತ್ರೆ ಕೆಳಗಿಟ್ಟಳು. "ನಂಗೆ ಎಚ್‌ಐವಿ ಐತೆ. ಯಾರ್ಗೂ ಮುಚ್ಚಿಟ್ಟಿಲ್ಲ. ಅದು ಹಾಲಲ್ಲಿ ಬರಾಕಿಲ್ಲ. ಅತ್ತೆಮ್ಮ, ತಂದೋನು ನಿನ್ ಮಗ. ಅವ್ನು ತಡ್ಕಳಾಕಾಗ್ದೆ ಓದ, ನಾನು ತಡ್ಕಂಡೆ. ತಡ್ಕಂಡಿದ್ದೇ ತೆಪ್ಪಾ?" ಎಂದವಳೇ ಕ್ಯಾನಿಗೆ ಅಡ್ಡ ನಿಂತಳು. "ನನ್ ಹಾಲು ಬೀಳಗಂಟ ಯಾರ್ ಹಾಲೂ ಬೀಳಾಕಿಲ್ಲ."

ಯಾರೂ ಮಿಸುಕಲಿಲ್ಲ. ಬಿಸಿಲು ಏರಿತು. ಯಾರ ಮನಸ್ಸೋ ಕರಗಿತು ಅಂದುಕೊಂಡಿರಾ? ಎಲ್ಲಿಯ ಮಾತು! ಸಾಲಿನ ಕೊನೆಯಲ್ಲಿದ್ದ ಮುದುಕಿಯೊಬ್ಬಳು, "ಸುರ್ಕಳಯ್ಯ ಅತ್ಲಾಗೆ! ಅವ್ಳ ಕಾಯ್ಲೆ ಬತ್ತದೋ ಇಲ್ವೋ, ನನ್ ಹಾಲಂತೂ ಒಡ್ದೋಯ್ತದೆ" ಅಂತ ಕೂಗಿದಳು. ಕಾರ್ಯದರ್ಶಿ ಕೈ ತೆಗೆದ. ಅವತ್ತಿನಿಂದ ಇವತ್ತಿನವರೆಗೂ ಚಿಕ್ಕವ್ವ ಅದೇ ಡೈರಿಗೆ ಹಾಲು ಹಾಕುತ್ತಾಳೆ, ಮಾತ್ರೆ ನುಂಗುತ್ತಾಳೆ, ಅದೇ ಮನೆಯಲ್ಲಿದ್ದಾಳೆ.

ಹತ್ತಿ ಅದುಮಿಕೊಂಡು ಕೂತವನನ್ನು ಲ್ಯಾಬಿನ ಹುಡುಗಿ ಫಾರಮ್ಮು ಹಿಡಿದು ಕೇಳಿದಳು: "ರಕ್ತಸಂಬಂಧದಲ್ಲಿ ಯಾರಿಗಾದ್ರೂ ದೊಡ್ಡ ಕಾಯಿಲೆ ಇದೆಯಾ ಸಾರ್?" ಪ್ರತಿ ಸಲ ಇದೇ ಪ್ರಶ್ನೆ, ಪ್ರತಿ ಸಲ 'ಇಲ್ಲಮ್ಮ' ಅಂತಲೇ ಬರೆಸಿದ್ದೇನೆ. ಬೆಂಚಿನ ಮೇಲೆ ನಮ್ಮ ಕಡೆಯವರೇ ನಾಲ್ಕು ಜನ, ಅದರಲ್ಲೊಬ್ಬರು ನನ್ನ ಬೀಗರು.

"ಇದೆ" ಅಂದೆ, ಗಟ್ಟಿಯಾಗಿಯೇ. "ನಮ್ಮ ಚಿಕ್ಕವ್ವನಿಗೆ ಎಚ್‌ಐವಿ. ನಮ್ಮಜ್ಜಿ ತಾತ ಕೊಟ್ಟ ಮೈ ಅದನ್ನ ಕಟ್ಟಿ ಹಾಕಿದೆ."

ಬೀಗರು ತಲೆಯೆತ್ತಿ ನೋಡಿದರು. ನಾನೂ ನೋಡಿದೆ.

"ಇಲ್ಲಿ ಬರೀ ಬಿಪಿ, ಶುಗರ್ ಅಂತಿದೆ ಸಾರ್. ಇದಕ್ಕೆ ಜಾಗ ಇಲ್ಲ."

"ಜಾಗ ಇಲ್ದಿದ್ರೆ ಮಾಡ್ಕಂಡು ಬರಿ" ಅಂದೆ.