ಕೌದಿಯ ಹೊಟ್ಟೆ

ಶನಿವಾರ ಪೇಟೆಯ ಆ ವಾಡೆಯಲ್ಲಿ ಹನ್ನೊಂದು ಬಿಡಾರ. ಹತ್ತು ಬಿಡಾರದ ತಾಯಂದಿರು ಹೆಣ್ಣುಮಕ್ಕಳನ್ನು ಬಯ್ಯುವಾಗಲೆಲ್ಲ ಹನ್ನೊಂದನೆಯ ಬಿಡಾರದ ಗೋದಾಬಾಯಿಯ ಹೆಸರು ತೆಗೆಯುತ್ತಿದ್ದರು. ಹೋಗಿ ಆ ಕಾನಡಿಯವಳ ಮನೆ ನೋಡಿ ಬಾ, ಎಂದು ಮರಾಠಿಯಲ್ಲಿ ಗದರುತ್ತಿದ್ದರು. ಪಾಪ, ಆ ಹುಡುಗಿಯರಿಗೆ ಗೋದಾಬಾಯಿಯ ಮೇಲೆ ಎಷ್ಟು ಸಿಟ್ಟಿತ್ತೋ!

ಮನೆ ಅಂದರೆ ಎರಡೇ ಕೋಣೆ. ಆದರೆ ಗೋಡೆಗೆ ಹೊಡೆದ ಫಳಿಯ ಹಲಗೆಯ ಮೇಲೆ ಹಿತ್ತಾಳೆಯ ಪಾತ್ರೆಗಳು ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಕೂತಿರುತ್ತಿದ್ದವು. ಅವುಗಳಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು. ಮೂಲೆಯಲ್ಲಿ ಗಂಟಿಲ್ಲ, ಅಟ್ಟದ ಮೇಲೆ ಮೂಟೆಯಿಲ್ಲ, ಗೂಟಕ್ಕೆ ಜೋತುಬಿದ್ದ ಹಳೆಯ ಅಂಗಿಯಿಲ್ಲ. ಹರಿದ ಬಟ್ಟೆ ಆ ಮನೆಯಲ್ಲಿ ಎಂಟು ದಿನ ಉಳಿದರೆ ಹೆಚ್ಚು. ಹಳೆಯ ಬಟ್ಟೆ ತೆಗೆದುಕೊಂಡು ಹೊಸ ಪಾತ್ರೆ ಕೊಡುವ ಬೋಹಾರೀಣ ತಲೆಯ ಮೇಲೆ ಬುಟ್ಟಿ ಹೊತ್ತು ಓಣಿಗೆ ಕಾಲಿಟ್ಟರೆ, ನೆಟ್ಟಗೆ ಬರುವುದು ಗೋದಾಬಾಯಿಯ ಬಾಗಿಲಿಗೆ. ಫಳಿಯ ಮೇಲಿನ ಸಾಲು ಬೆಳೆದದ್ದು ಹಾಗೆ.

ಈ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ಗೋದಾ ಬೆಳಗಾವಿಯಲ್ಲಿ ಎಂಟು ವರ್ಷದ ಹುಡುಗಿಯಾಗಿದ್ದಾಗ ಪ್ಲೇಗಿನಲ್ಲಿ ತಾಯಿ ಹೋದಳು. ಅರಿವೆ ಗಂಟಿನ ಹಿಂದೆ ಇಲಿ ಸತ್ತುಬಿದ್ದಿತ್ತಂತೆ. ತಾಯಿಯ ಸೀರೆ, ಕುಪ್ಪಸ, ಹಾಸಿಗೆ ಎಲ್ಲವನ್ನೂ ಅಂಗಳದಲ್ಲಿ ರಾಶಿ ಹಾಕಿ ಸುಟ್ಟರು. ಅಂದಿನಿಂದ ಅವಳಿಗೆ ಹಳೆಯ ಬಟ್ಟೆಯ ಗಂಟು ಕಂಡರೆ ಎದೆ ಡವಡವ ಎನ್ನುತ್ತಿತ್ತು. ಮದುವೆಯಾಗಿ, ಗಂಡ ಮಧುಕರರಾಯನ ನೌಕರಿಯ ಸಲುವಾಗಿ ಪುಣೆಗೆ ಬಂದ ಮೇಲೂ ಆ ಡವಡವ ನಿಲ್ಲಲಿಲ್ಲ.

ಸಾವಿರದ ಒಂಬೈನೂರ ಇಪ್ಪತ್ತೆರಡರಲ್ಲಿ ಗೋದಾ ಹೆಣ್ಣು ಹಡೆದಳು. ಬಾಣಂತನ ಮಾಡಲು ತವರಿನಲ್ಲಿ ತಾಯಿಯಿಲ್ಲವೆಂದು ಅತ್ತೆ ಕೃಷ್ಣಾಬಾಯಿಯೇ ಧಾರವಾಡದಿಂದ ಬಂದರು. ಬಂದವರು ಒಂದು ಕೈಯಲ್ಲಿ ಅಂಟಿನುಂಡೆಯ ಡಬ್ಬಿ, ಇನ್ನೊಂದು ಕೈಯಲ್ಲಿ ಒಂದು ದೊಡ್ಡ ಅರಿವೆ ಗಂಟು ಹಿಡಿದಿದ್ದರು. ಗಂಟು ನೋಡಿದ್ದೇ ಸೊಸೆಯ ಮುಖ ಸಣ್ಣಗಾಯಿತು.

ಕೃಷ್ಣಾಬಾಯಿಗೂ ಕಸ ಕಂಡರೆ ಆಗುತ್ತಿರಲಿಲ್ಲ. ಆದರೆ ಯಾವುದು ಕಸ ಎನ್ನುವುದರಲ್ಲಿ ಅತ್ತೆ ಸೊಸೆಗೆ ತಾಳಮೇಳವಿರಲಿಲ್ಲ. ಅತ್ತೆಯ ಕಾಲದ ಮನೆಯಲ್ಲಿ ಸೀರೆ ಹರಿದರೆ ಅದರ ಗಟ್ಟಿ ಭಾಗ ಹೊದೆಯುವ ಕೌದಿಗೆ, ಮೆತ್ತಗಿನದು ಕೂಸಿನ ಅರಿವೆಗೆ. ಕೂಸಿನ ಅರಿವೆ ಜೂಲಾದ ಮೇಲೆ ಒಲೆಯ ಮುಂದಿನ ಮಸಿಅರಿವೆ. ಅದೂ ಚಿಂದಿಯಾದರೆ ಒಲೆ ಹೊತ್ತಿಸಲಿಕ್ಕೆ. ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ಬೂದಿ ಮಾತ್ರ, ಅದೂ ಪಾತ್ರೆ ತಿಕ್ಕಿದ ಮೇಲೆ. ಇಂಥ ಹೆಂಗಸಿಗೆ ಪುಣೆಯ ಸೊಸೆ ಅಚ್ಚುಕಟ್ಟುತನದ ಪಾಠ ಹೇಳಲು ಹೊರಟಿದ್ದಳು!

ಕೃಷ್ಣಾಬಾಯಿ ಗಂಟು ಬಿಚ್ಚಿ, ಮೊಮ್ಮಗಳಿಗೆ ಕೌದಿ ಹೊಲಿಯಲು ಕೂತರು. ಗೋದಾಳ ಮಾವನವರ ಕೆಂಪಂಚಿನ ಧೋತರ, ತಮ್ಮ ಮದುವೆಯ ಇಲಕಲ್ಲ ಸೀರೆಯ ತುಂಡು, ಮಧುಕರ ಕೂಸಾಗಿದ್ದಾಗ ತೊಟ್ಟ ಕುಂಚಿಗೆ, ಒಂದರ ಪಕ್ಕ ಒಂದು ಕೂತವು.

“ನಿಮ್ಮವ್ವಂದು ಏನರ ಅದ ಏನು, ಗೋದಾ?” ಎಂದು ಕೇಳಿದರು.

“ಎಲ್ಲಾ ಸುಟ್ಟರಲ್ರೀ ಅತ್ತಿಯವರ,” ಎಂದಳು ಗೋದಾ.

ಅತ್ತೆ ಒಂದು ಬಿಳಿಯ ತುಂಡನ್ನು ಚೌಕವಾಗಿ ಕತ್ತರಿಸಿ ನಟ್ಟನಡುವೆ ಇಟ್ಟರು. “ಇರಲಿ. ಇದು ಅವರ ಪಾಲು,” ಎಂದರು.

ಕೊನೆಗೆ ಒಂದು ಮೂಲೆ ಮಾತ್ರ ಹೊಲಿಯದೆ ಉಳಿಯಿತು. ಅವತ್ತು ಹೋಳಿಗೆ ಮಾಡಿಸಿ, ಅದರ ಒಂದು ಚೂರನ್ನು ಗೋದಾಳ ಕೈಯಿಂದಲೇ ಆ ಮೂಲೆಯೊಳಗೆ ಇಡಿಸಿದರು. “ಕೌದಿ ಹೊಟ್ಟಿ ತುಂಬಿಸಬೇಕವಾ. ಹಸಕೊಂಡಿದ್ದ ಕೌದಿ ಹೊಚ್ಚಿದರ ಕೂಸಿನ ಹೊಟ್ಟೀನೂ ತುಂಬೂದಿಲ್ಲ. ನಮ್ಮತ್ತೀನೂ ಹಿಂಗ ಇಡಿಸಿದ್ದರು,” ಎಂದು ಹೇಳಿ ಮೂಲೆ ಹೊಲಿದು ಮುಗಿಸಿದರು.

ಬೆಲ್ಲದ ಹೂರಣ ಬಟ್ಟೆಯೊಳಗೆ ಕೂತರೆ ಇರುವೆಗೆ ಯಾರು ಹೇಳಿಕಳಿಸಬೇಕು? ಮೂರನೆಯ ದಿನ ಗೋಡೆಯಿಂದ ತೊಟ್ಟಿಲಿನವರೆಗೆ ಸಾಲು ಹತ್ತಿತು. ಗೋದಾಳ ತಲೆ ಕೆಟ್ಟುಹೋಯಿತು. ಅತ್ತೆ ಓಂಕಾರೇಶ್ವರದ ಗುಡಿಗೆ ಹೋದ ಹೊತ್ತು ನೋಡಿ ಕತ್ತರಿ ತೆಗೆದುಕೊಂಡಳು. ಮೂಲೆ ಬಿಚ್ಚಿ, ಹೋಳಿಗೆಯ ಚೂರನ್ನು ಹೊರಗೆಸೆದು, ಝಾಡಿಸಿ, ಮತ್ತೆ ಹೊಲಿದಳು. ಹೊಲಿಗೆಯಲ್ಲಿ ಅವಳದು ಎತ್ತಿದ ಕೈ. ಬಿಚ್ಚಿದ್ದೇ ಗೊತ್ತಾಗದ ಹಾಗೆ ಹೊಲಿದಿದ್ದಳು.

ಗುಡಿಯಿಂದ ಬಂದ ಕೃಷ್ಣಾಬಾಯಿ ಕೂಸಿನ ಕೌದಿ ಸರಿಮಾಡಲು ಬಗ್ಗಿದರು. ಬೆರಳು ಆ ಮೂಲೆಯ ಮೇಲೆ ನಿಂತಿತು. ಒಂದು ಸಲ ಹಿಚುಕಿ ನೋಡಿದರು. ಸೊಸೆ ಬಯ್ಗುಳಕ್ಕೆ ತಯಾರಾಗಿ, ಉತ್ತರವನ್ನೂ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ನಿಂತಿದ್ದಳು.

“ಛಲೋ ಹೊಲದೀಯವಾ,” ಎಂದರು ಅತ್ತೆ. ಅಷ್ಟೇ.

ಬಾಣಂತನದ ತಿಂಗಳು ಮುಗಿಸಿದವರೇ ಧಾರವಾಡದ ಗಾಡಿ ಹತ್ತಿದರು. ಉಳಿದ ಗಂಟನ್ನು ಮಾತ್ರ, ಮುಂದಿನ ಕೂಸಿಗೆ ಬೇಕಾಗತದ ಎಂದು ಅಟ್ಟದ ಮೇಲೆ ಬಿಟ್ಟುಹೋದರು. ಮರುವಾರವೇ ಬೋಹಾರೀಣ ಬಂದಳು. ಗಂಟು ಹೋಯಿತು. ಇರುವೆಯ ವಾಸನೆ ಹತ್ತಿದೆ ಎಂದು ಅದರ ಮೇಲೆ ಕೌದಿಯೂ ಹೋಯಿತು, ನಟ್ಟನಡುವಿನ ಬಿಳಿಯ ಚೌಕದ ಸಮೇತ. ಬದಲಿಗೆ ಬಂದದ್ದು ಅಗಲ ಬಾಯಿಯ ಒಂದು ಹಿತ್ತಾಳೆಯ ಘಂಗಾಳ. ಗೋದಾ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಫಳಿಯ ನಡುವೆ ಇಟ್ಟಳು.

ಎರಡು ವರ್ಷದ ಮೇಲೆ ಅತ್ತೆ ಧಾರವಾಡದಲ್ಲಿ ತೀರಿಕೊಂಡರೆಂದು ತಾರು ಬಂತು. ನಡುವೆ ಒಂದು ಸಲವೂ ಅವರು ಪುಣೆಗೆ ಬರಲಿಲ್ಲ. ಕರೆದರೆ, ಮಂಡಿನೋವು ಎಂದು ಬರೆಸುತ್ತಿದ್ದರು. ಮಂಡಿನೋವೇ ಇರಬೇಕು ಎಂದು ಗೋದಾ ಆಗ ನಂಬಿದಳು, ನಂಬುವುದು ಸುಲಭವಾಗಿತ್ತು.

ಮುಂದಿನ ಕೂಸು ಹುಟ್ಟಲೇ ಇಲ್ಲ. ಇದ್ದೊಬ್ಬ ಮಗಳು ಅಂಬಾ ತಾಯಿಯ ಕೈಕೆಳಗೆ ಬೆಳೆದು, ತಾಯಿಗಿಂತ ಒಂದು ಕೈ ಮೇಲಾದಳು. ಮದುವೆಯಾಗಿ ಶಿರೂರಿಗೆ ಹೋದಳು. ಸಾವಿರದ ಒಂಬೈನೂರ ನಲವತ್ತೈದರಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು.

ಯುದ್ಧ ತಂದಿಟ್ಟ ತಾಪತ್ರಯದ ಕಾಲ ಅದು. ಅರಿವೆ ರೇಶನ್ ಕಾರ್ಡಿನ ಮೇಲೆ ಅಳೆದು ಸಿಗುತ್ತಿತ್ತು, ಸಿಕ್ಕದ್ದೂ ಗಂಜಿ ಮೆತ್ತಿದ ಒರಟು ಬಟ್ಟೆ. ಹೆಣ್ಣು ಕೂಸು ಹುಟ್ಟಿ ಎರಡೇ ದಿನಕ್ಕೆ ಅದರ ಎಳೆಯ ತೊಡೆ ಕೆಂಪಗೆ ಕಂದಿತು. ಮೆತ್ತಗಿನ ಹಳೆಯ ಅರಿವೆ ಬೇಕಿತ್ತು. ಗೋದಾಬಾಯಿ ಟ್ರಂಕು ತೆಗೆದಳು, ಅಟ್ಟ ಹತ್ತಿದಳು, ಕಪಾಟು ತಡಕಿದಳು. ಎಲ್ಲ ಕಡೆ ಎಷ್ಟು ಸ್ವಚ್ಛ! ಫಳಿಯ ತುಂಬ ಪಾತ್ರೆಗಳು ಥಳಥಳ ಹೊಳೆಯುತ್ತಿದ್ದವು, ಕೂಸಿಗೆ ಸುತ್ತಲು ಮನೆಯಲ್ಲಿ ಒಂದು ಚಿಂದಿಯೂ ಇರಲಿಲ್ಲ. ವಾಡೆಯ ಹತ್ತು ಬಿಡಾರದ ಅಟ್ಟಗಳ ಮೇಲೆ ಗಂಟುಗಳಿದ್ದವು. ಆದರೆ ಯಾವ ಮುಖ ಇಟ್ಟುಕೊಂಡು ಕೇಳುವುದು? ಅವಳು ಫಳಿಯ ಮುಂದೆ ಕುಕ್ಕರಿಸಿ ಕೂತು, ಅತ್ತೆಯನ್ನು ನೆನೆದು ಅತ್ತಳು. ಇಪ್ಪತ್ತೊಂದು ವರ್ಷ ತಡವಾಗಿ ಬಂದ ಅಳು.

ಮಾರನೆಯ ದಿನ ಬೋಹಾರೀಣ ಓಣಿಗೆ ಬಂದಳು. ಗೋದಾಬಾಯಿ ಆ ಘಂಗಾಳವನ್ನು ತಂದು ಅವಳ ಮುಂದಿಟ್ಟು, ಹಳೆಯ ಬಟ್ಟೆ ಕೊಡು ಎಂದಳು. ಇಂಥ ಉಲ್ಟಾ ವ್ಯಾಪಾರ ಹುಟ್ಟಿದಾಗಿನಿಂದ ಕಂಡಿಲ್ಲ ಎಂದು ಬೋಹಾರೀಣ ಬಿದ್ದು ಬಿದ್ದು ನಕ್ಕು, ಗಂಟು ಬಿಚ್ಚಿದಳು. ಯಾರ ಯಾರದೋ ಸೀರೆ, ಯಾರ ಯಾರದೋ ಅಂಗಿ. ಮಡಿಯ ಗೋದಾಬಾಯಿ ಅದರಲ್ಲಿ ಮೊಳಕೈ ತನಕ ಕೈಹಾಕಿ ಹುಡುಕಿದಳು. ಇಲಕಲ್ಲ ಸೀರೆಯ ತುಂಡಾಗಲಿ ಬಿಳಿಯ ಚೌಕವಾಗಲಿ ಇನ್ನೆಲ್ಲಿ ಸಿಗಬೇಕು? ಸಿಗುವುದಿಲ್ಲವೆಂದು ಗೊತ್ತಿದ್ದೂ ಹುಡುಕಿದಳು.

ತಂದ ಬಟ್ಟೆಗಳನ್ನು ಮೂರು ಸಲ ಕುದಿಸಿ ಒಣಗಿಸಿದಳು. ಮೆತ್ತಗಿದ್ದದ್ದು ಕೂಸಿನ ಮೈಗಾಯಿತು, ಉಳಿದದ್ದರಲ್ಲಿ ಕೌದಿ ಹೊಲಿದಳು. ಎಲ್ಲವೂ ಅಪರಿಚಿತರದೇ ಆಯಿತಲ್ಲ ಎಂದು ಸಂಕಟವಾಗಿ, ತಾನು ಉಟ್ಟ ಸೀರೆಯ ಸೆರಗಿನಿಂದಲೇ ಒಂದು ಚೌಕ ಕತ್ತರಿಸಿ ನಡುವೆ ಹಚ್ಚಿದಳು. “ಇದು ನಿಮ್ಮ ಪಾಲು, ಅತ್ತಿಯವರ,” ಎಂದು ಬಾಯಿಬಿಟ್ಟೇ ಹೇಳಿದಳು. ಕೂಸಿನ ಹೆಸರಿಟ್ಟ ದಿನದ ಹೋಳಿಗೆಯಲ್ಲಿ ಒಂದು ಚೂರು ಮುರಿದು, ಮಗಳ ಕಣ್ಣು ತಪ್ಪಿಸಿ, ಕೊನೆಯ ಮೂಲೆಯೊಳಗೆ ಇಟ್ಟು ಹೊಲಿದಳು. ಅವತ್ತು ಅವಳ ಎದೆ ಸ್ವಲ್ಪ ಹಗುರಾಗಿತ್ತು.

ಮೂರನೆಯ ದಿನ ಮಂಡಿಯಿಂದ ಕಾಯಿಪಲ್ಯ ತಂದು ಒಳಗೆ ಕಾಲಿಟ್ಟಾಗ, ಅಂಬಾ ತೊಟ್ಟಿಲಿನ ಪಕ್ಕ ಕೌದಿ ಹರಡಿಕೊಂಡು ಸೂಜಿಯ ದಾರ ಹಲ್ಲಿನಿಂದ ಕಡಿಯುತ್ತಿದ್ದಳು. ಬದಿಗೆ ಕತ್ತರಿ. ಕಾಗದದ ತುಂಡಿನ ಮೇಲೆ ಹೋಳಿಗೆಯ ಚೂರು, ಅದರ ತುಂಬ ಇರುವೆ.

“ಏನವ್ವಾ ಇದು! ಕೂಸಿನ ಹಾಸಿಗ್ಯಾಗ ತಿನ್ನೂ ಪದಾರ್ಥ ಸೇರಿತ್ತು ನೋಡು, ನಿನಗ ಕಣ್ಣು ಕಾಣಲಿಲ್ಲೇನು?” ಎಂದಳು ಅಂಬಾ. “ಎಲ್ಲಾ ಝಾಡಿಸಿ ಹೊಲದೀನಿ. ಹೆಂಗದ? ಬಿಚ್ಚಿದ್ದು ಗೊತ್ತರ ಆಗತದೇನು?”

ಗೋದಾಬಾಯಿ ಚೀಲ ಕೆಳಗಿಟ್ಟು, ಬಗ್ಗಿ ಆ ಮೂಲೆ ಮುಟ್ಟಿದಳು. ಬೆರಳಿಗೆ ಏನೂ ತಾಕಲಿಲ್ಲ. ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಆದರೆ ಮಗಳು, ಹೊಗಳಿಕೆಗೆ ಕಾದ ಮುಖ ಎತ್ತಿ ಕೂತಿದ್ದಳು. ಹೀಗೆ ಮಾಡಲು ಕಲಿಸಿದವಳು ತಾನೇ.

“ಛಲೋ ಹೊಲದೀಯವಾ,” ಎಂದಳು.