ನಮ್ಮೂರಲ್ಲಿ ಹಲಸು ಹಣ್ಣಾಗಬಾರದು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು, ಊರಲ್ಲಿ ಯಾರೂ ಇಲ್ವಾ ಅಂತ. ಎಲ್ಲರೂ ಇರುತ್ತಾರೆ, ಸದ್ದು ಮಾತ್ರ ಇರುವುದಿಲ್ಲ. ವೀರನಹೊಸಹಳ್ಳಿ ದಾಟಿ ಕಾಡಿನ ಕಡೆಗೆ ಬಂದರೆ ಒಂದಷ್ಟು ಹೆಂಚಿನ ಮನೆ, ಒಂದು ಕೆರೆ, ಆಮೇಲೆ ಆನೆ ದಾಟದ ಹಾಗೆ ತೋಡಿದ ಕಂದಕ, ಅದರಾಚೆ ಕಾಡು. ಮಧ್ಯಾಹ್ನವಾದರೆ ನಮ್ಮೂರ ಕೋಳಿಗಳೂ ಪಿಸುಮಾತಿನಲ್ಲೇ ಕೂಗುತ್ತವೆ. ಹುಣಸೂರಿನ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಲು ನಾಚಿಕೊಂಡು, ಕೆಮ್ಮಿದ ಹಾಗೆ ಮಾಡಿ ಬರುತ್ತದೆ. ಮಳೆಗಾಲದಲ್ಲಿ ಕೆರೆಯಿಂದ ಎದ್ದ ಮಂಜು ಬೀದಿಗೆ ಬಂದು ಸೊಂಟದಿಂದ ಮೇಲಕ್ಕೆ ತೂಗುತ್ತಾ ನಿಲ್ಲುತ್ತದೆ. ಆಗ ಬರುವವರ ಕಾಲು ಮಾತ್ರ ಕಾಣುತ್ತದೆ. ಒಮ್ಮೆ ನಾಲ್ಕು ಕಾಲು ಬರುತ್ತಿದ್ದವು. ಹಸು ಅಂದುಕೊಂಡು 'ನಡಿ ಕೊಟ್ಟಿಗೆಗೆ' ಎಂದು ಕೋಲು ಎತ್ತಿದೆ. ಮಂಜಿನೊಳಗಿಂದ ಇಬ್ಬರು ಹೆಂಗಸರು ನನ್ನನ್ನೂ ನನ್ನ ಮೂರು ತಲೆಮಾರನ್ನೂ ಬೈದರು.

ನಾನು ಹೇಳಿದ್ದರಲ್ಲಿ ಅರ್ಧ ಸೋಸಿ ಚೆಲ್ಲಬೇಕು ಅನ್ನುತ್ತಾಳೆ ನಮ್ಮಜ್ಜಿ. ಆದರೆ ಮುಂದಿನದರಲ್ಲಿ ಮುಖ್ಯವಾದ ಸುಳ್ಳು ಅವಳದೇ, ನನ್ನದಲ್ಲ.

ನಮ್ಮೂರಲ್ಲಿ ಹಲಸು ಮರದಲ್ಲಿ ಹಣ್ಣಾಗಬಾರದು. ಅದು ಊರಿನ ಕಟ್ಟಳೆ. ಹಣ್ಣಿನ ವಾಸನೆ ಕಂದಕ ದಾಟಿ ಕಾಡಿಗೆ ಹೋಗಿ ಆನೆಯನ್ನು ಕೈ ಹಿಡಿದು ಕರೆದುಕೊಂಡು ಬರುತ್ತದೆ. ಹಾಗಾಗಿ ಕಾಯಿ ಎಳೆಯದಾಗಿರುವಾಗಲೇ ಎಲ್ಲರೂ ಕಿತ್ತು ಪಲ್ಯ ಮಾಡಿ, ಸಾರು ಮಾಡಿ, ಸಾಕಾಗಿ ಹಸುವಿಗೆ ಹಾಕಿ, ಹಸುವಿಗೂ ಸಾಕಾಗಿ ನಿಟ್ಟುಸಿರು ಬಿಡುವ ತನಕ ಖಾಲಿ ಮಾಡುತ್ತಾರೆ.

ನಮ್ಮ ಹಿತ್ತಲಲ್ಲಿ ಅಜ್ಜಿಯ ಮರವಿದೆ. ಅವಳು ಮದುವೆಯಾಗಿ ಬಂದ ವರ್ಷ ನೆಟ್ಟಿದ್ದು. ಎರಡು ವರ್ಷದ ಹಿಂದೆ ತುದಿಯಲ್ಲಿ ಯಾರಿಗೂ ಕಾಣದೆ ಉಳಿದ ಒಂದು ಕಾಯಿ ಹಣ್ಣಾಯಿತು. ಆನೆ ಬಂತು, ಹಣ್ಣು ತಿಂದಿತು, ಹೋಗುವಾಗ ಬೆನ್ನು ತುರಿಸಿತೋ ಏನೋ, ಪಕ್ಕದ ಮನೆ ದೊಡ್ಡಪ್ಪನ ಕೊಟ್ಟಿಗೆ ಗೋಡೆಗೆ ಒರಗಿತು. ಗೋಡೆ ಮಲಗಿತು. ಜನಕ್ಕೂ ದನಕ್ಕೂ ಏನೂ ಆಗಲಿಲ್ಲ. ಆದರೆ ಬಸವಣ್ಣನ ಗುಡಿ ಜಗಲಿಯಲ್ಲಿ ಹಿರಿಯರು ಕೂತು ಮಾತಾಡಿದರು. ಆ ಮರದಲ್ಲಿ ಇನ್ನೊಂದೇ ಒಂದು ಹಣ್ಣಾದರೂ ಮರ ಕಡಿಯುವುದು ಅಂತಾಯಿತು. ಹೇಳಿದ್ದು ದೊಡ್ಡಪ್ಪ. ಅಜ್ಜಿ ತಲೆ ಆಡಿಸಿ ಬಂದವಳು ನನಗೆ ಮಾತ್ರ ಹೇಳಿದಳು, 'ಅದು ಬಿದ್ದ ದಿನ ನಾನೂ ಈ ಹಿತ್ಲಿಗೆ ಕಾಲಿಡಕ್ಕಿಲ್ಲ ಕಣಮ್ಮಿ.'

ಅದಕ್ಕೇ ಕಳೆದ ವರ್ಷ ಮರ ಹತ್ತಿದ್ದು ನಾನು. ಊರಲ್ಲಿ ನನ್ನಷ್ಟು ಚೆನ್ನಾಗಿ ಮರ ಹತ್ತುವವರು ಇಬ್ಬರೇ, ಇನ್ನೊಂದು ಮಂಗ. ಕೆಳಗೆ ಅರ್ಧ ಊರು ನಿಂತಿತ್ತು, ನಾನು ಪ್ರತಿ ಕಾಯಿಗೂ ಒಂದು ಮಾತು ಹೇಳಿ ಬೀಳಿಸಿದೆ. ತುದಿಕೊಂಬೆಗೆ ಹೋದಾಗ ಮೈಸೂರು ಕಂಡಿತು, ಅರಮನೆ ದೀಪ ಕಂಡಿತು ಅಂದೆ. ಹಗಲು ಹನ್ನೊಂದು ಗಂಟೆ.

'ಇನ್ನೇನಾರ ಅದಾ ಮ್ಯಾಲೆ?' ಕೆಳಗಿಂದ ದೊಡ್ಡಪ್ಪ ಕೇಳಿದರು.

'ಕೋಳಿಮೊಟ್ಟೆ ಗಾತ್ರದ್ದೂ ಇಲ್ಲ ದೊಡ್ಡಪ್ಪ. ಮರಕ್ಕೆ ಕ್ಷೌರ ಆಯ್ತು.'

ಅಜ್ಜಿ ಬುಡದಲ್ಲಿ ಹಳೇ ಹುಲ್ಲು ಹರಡುತ್ತಿದ್ದಳು. ಬೇಸಿಗೆಗೆ ಬೇರು ತಂಪಾಗಿರಲಿ ಅಂತ ಅಂದುಕೊಂಡೆ.

ಎರಡು ತಿಂಗಳು ಕಳೆಯಿತು. ಸೋನೆಮಳೆ ಹಿಡಿಯಿತು. ಒಂದು ಭಾನುವಾರ ಬೆಳಗ್ಗೆ ಕಂಬಳಿಯೊಳಗೆ ಅರೆನಿದ್ದೆಯಲ್ಲಿದ್ದಾಗ ಯಾರೋ ನನ್ನ ಮೂಗಿನ ಮುಂದೆ ಜೇನು ಹಿಡಿದು ನಿಂತ ಹಾಗಾಯಿತು. ವಾಸನೆ ಮೆಲ್ಲಗೆ ಒಳಗೆ ಬಂದು, ಅಟ್ಟ ಹತ್ತಿ, ರಾಗಿ ಮೂಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಹೆಂಚಿನ ಸಂದಿಯಿಂದ ಆಚೆ ಹೋಯಿತು. ಬೀದಿಯಲ್ಲಿ ಎಮ್ಮೆ ಮೇಲೆತ್ತಿದ ಹೆಜ್ಜೆ ಕೆಳಗಿಡದೆ ನಿಂತಿತ್ತು. ಹೊಗೆಸೊಪ್ಪಿನ ಹೊಲಕ್ಕೆ ಹೊರಟಿದ್ದ ಹೆಂಗಸರು ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದರು. ಊರು ಕನಸು ಕಾಣುತ್ತಿರುವ ಹಾಗಿತ್ತು, ಮತ್ತು ಕನಸಿನಲ್ಲೇ ಎಲ್ಲರಿಗೂ ಭಯವಾಗುತ್ತಿತ್ತು.

ದೊಡ್ಡಪ್ಪ ಹೆಗಲ ಮೇಲೆ ಕೊಡಲಿ ಇಟ್ಟುಕೊಂಡೇ ಬಂದರು.

'ಏನಮ್ಮಿ, ಕ್ಷೌರ ಆಯ್ತು ಅಂದಿದ್ದೆ?'

ನಾನು ಮರ ಹತ್ತಿದೆ. ಕೊಂಬೆ ಜಾರುತ್ತಿತ್ತು. ಒಂದೊಂದೇ ಎಲೆ ಸರಿಸಿ ನೋಡಿದೆ. ಏನೂ ಇರಲಿಲ್ಲ. ಕೆಳಗೆ ಇಡೀ ಊರು ಬಾಯಿ ತೆರೆದು ಮೇಲೆ ನೋಡುತ್ತಾ ನಿಂತಿತ್ತು. ಇನ್ನು ಹತ್ತು ನಿಮಿಷ ಹಾಗೇ ನಿಂತಿದ್ದರೆ ಒಬ್ಬೊಬ್ಬರಿಗೂ ಒಂದು ಚೊಂಬು ಮಳೆನೀರು ಕುಡಿದಂತಾಗುತ್ತಿತ್ತು. ಅಜ್ಜಿ ಮಾತ್ರ ಬುಡದ ಹುಲ್ಲಿನ ಮೇಲೆ ಗೋಣಿ ಹಾಸಿ, ಮಳೆಗೆಂದು ತಲೆಗೆ ಎಲೆಯ ಗೊರಗ ಹೊದ್ದು, ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಮಳೆಯಲ್ಲಿ ಕೂತು ಹುರುಳಿ ಯಾರಾದರೂ ಆರಿಸುತ್ತಾರಾ ಎಂದು ಯಾರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಹಾಡಿಯ ಅಣ್ಣ ಬಂದ. ಕಾಡಂಚಿನ ಗಿರಿಜನರ ಹಾಡಿಯವನು, ಅರಣ್ಯದವರ ಹತ್ತಿರ ವಾಚರ್ ಕೆಲಸ ಮಾಡುತ್ತಾನೆ, ಆನೆ ಎಲ್ಲಿದೆ ಎಂದು ಊರಿಗೆ ಫೋನು ಮಾಡಿ ಹೇಳುವವನು ಅವನೇ. ಅವನು ಮೇಲೆ ನೋಡಲೇ ಇಲ್ಲ. ಎರಡು ಸಲ ಉಸಿರೆಳೆದು ನೇರ ಅಜ್ಜಿಯ ಮುಂದೆ ಹೋಗಿ ನಿಂತ.

'ಅಜ್ಜಿ, ವಸಿ ಏಳ್ತೀರಾ?'

'ಮಂಡಿ ನೋವು ಕಣಪ್ಪ, ಏಳಕಾಯ್ಕಿಲ್ಲ.'

'ಅಂಗಾರೆ ನಾನೂ ಕುಂತ್ಕತೀನಿ ಬುಡಿ.'

ಕೂತೇ ಬಿಟ್ಟ. ಅವಳ ಮೊರಕ್ಕೆ ಕೈ ಹಾಕಿ ಅವನೂ ಹುರುಳಿ ಆರಿಸತೊಡಗಿದ. ಇಬ್ಬರೂ ಸುಮಾರು ಹೊತ್ತು ಕಲ್ಲು ಹುಡುಕಿದರು. ಕೊನೆಗೆ ಅಜ್ಜಿ ಅವನ ಭುಜ ಹಿಡಿದು ಎದ್ದಳು. ಅವನು ಹುಲ್ಲು ಸರಿಸಿದ. ಬೇರಿನ ಹತ್ತಿರ ನೆಲ ಬಿರಿದಿತ್ತು. ಬಿರುಕಿನೊಳಗೆ, ಮಣ್ಣು ಮೆತ್ತಿಕೊಂಡು, ಎಳೆಗರು ಮುದುಡಿ ಮಲಗಿದ ಹಾಗೆ ಒಂದು ಹಲಸು. ಬೇರಿನಲ್ಲೇ ಬಿಟ್ಟ ಕಾಯಿ. ನಾನು ಮೇಲೆ ಮೈಸೂರು ನೋಡುತ್ತಿದ್ದಾಗ ಅಜ್ಜಿ ಅದನ್ನು ಕೆಳಗೆ ಮುಚ್ಚುತ್ತಿದ್ದಳು.

'ಇದೇನು ದೊಡ್ಡವ್ವ?' ಅಂದರು ದೊಡ್ಡಪ್ಪ.

'ಮರದ ಮ್ಯಾಲೆ ಬುಡಬ್ಯಾಡಿ ಅಂದ್ರಿ. ನೆಲದೊಳಗಿರಾದ್ಕೆ ಯಾರು ಏನಂದ್ರಿ?'

ಯಾರೋ ನಕ್ಕರು. ದೊಡ್ಡಪ್ಪ ನಗಲಿಲ್ಲ. 'ಮಾತು ಮಾತೇ. ಗ್ವಾಡೆ ಪಕ್ಕ ನನ್ನ ಮಗ ಮಲಗಿದ್ದಿದ್ರೆ?' ಎಂದು ಹೆಗಲ ಕೊಡಲಿ ಕೈಗೆ ಹಿಡಿದರು. ಅಜ್ಜಿಯ ಮುಖ ಸಣ್ಣದಾಯಿತು. ಒಂದು ಕೈ ಮರದ ಮೇಲಿಟ್ಟಳು. 'ತಪ್ಪು ಕಣಪ್ಪ. ಇದು ಹಣ್ಣಾದ್ರೆ ಎಂಗಿರ್ತದೆ ಅಂತ ಮರ್ತೇ ಓಗಿತ್ತು. ಒಂದೇ ಒಂದು ಸಲಕ್ಕೆ ಅಂತ ಮುಚ್ಚಿಟ್ಟೆ.'

ನಾನು ಮರದಿಂದ ಇಳಿದು ಅಜ್ಜಿಯ ಪಕ್ಕ ನಿಂತೆ.

'ಮರ ಕಡುದ್ರೆ ವಾಸ್ನೆ ಓಯ್ತದಾ?' ಹಾಡಿಯ ಅಣ್ಣ ಕೇಳಿದ. 'ಆನೆ ಬರಾದು ಹಣ್ಣಿಗೆ. ಸಂಜೆ ಒಳಗೆ ಇದ ಖಾಲಿ ಮಾಡಿ. ಕಡಿಯಾದು ಬುಡಾದು ಆಮೇಲೆ ನೋಡ್ಕಳಿ.'

ಅವನೂ ನಾನೂ ಹಣ್ಣನ್ನು ಅಗೆದು ತೆಗೆದೆವು. ಮಚ್ಚಿಗೆ ಎಣ್ಣೆ ಸವರಿದೆವು. ಹಣ್ಣು ಎರಡು ಹೋಳಾದಾಗ ಹಿತ್ತಲಿಗೆ ಬೆಳಕು ಬಂದ ಹಾಗಾಯಿತು. ಅಜ್ಜಿ ಮೊದಲ ತೊಳೆ ಬಿಡಿಸಿ ದೊಡ್ಡಪ್ಪನ ಮುಂದೆ ಹಿಡಿದಳು.

'ನಂಗೆ ಬ್ಯಾಡ.'

'ಬಿದ್ದಿದ್ದು ನಿನ್ನ ಗ್ವಾಡೆ. ಮೊದಲನೇದು ನಿಂಗೇಯ. ತಕ.'

ಕೊಡಲಿ ಕೆಳಗಿಟ್ಟು ತೆಗೆದುಕೊಂಡರು. ಎರಡನೆಯದಕ್ಕೆ ತಾವೇ ಕೈ ಚಾಚಿದರು. ಹದಿನಾಲ್ಕನೆಯದರ ತನಕ ನಾನು ಎಣಿಸಿದೆ, ಆಮೇಲೆ ನನ್ನ ಬಾಯಿಯೂ ತುಂಬಿತ್ತು. ಅಷ್ಟು ಜನ ಅಷ್ಟು ಹೊತ್ತು ಮಾತಾಡದೆ ಕೂತಿದ್ದನ್ನು ನಮ್ಮೂರಲ್ಲೂ ನಾನು ನೋಡಿರಲಿಲ್ಲ. ಸೋನೆ ನಮ್ಮ ಮೇಲೂ ಹಣ್ಣಿನ ಮೇಲೂ ಬೀಳುತ್ತಿತ್ತು. ಸಿಪ್ಪೆ ಹಸುಗಳಿಗೆ ಹೋಯಿತು, ಬೀಜ ಸುಡಲು ಒಲೆಯ ಬೂದಿಗೆ ಹೋಯಿತು. ಅಜ್ಜಿ ಎಲ್ಲರಿಗೂ ಕೊಟ್ಟು, ಕೊನೆಗೆ ಒಂದೇ ತೊಳೆ ಬಾಯಿಗಿಟ್ಟುಕೊಂಡು, ಜಗಿಯದೆ ಬಹಳ ಹೊತ್ತು ಹಾಗೇ ಕೂತಳು.

ಹಣ್ಣು ಮುಗಿಯಿತು, ವಾಸನೆ ಮುಗಿಯಲಿಲ್ಲ. ಎಲ್ಲರ ಕೈಯಲ್ಲೂ ಗಡ್ಡದಲ್ಲೂ ಸೆರಗಿನಲ್ಲೂ ಅದೇ. ಇಡೀ ಊರೇ ಒಂದು ಹಲಸಿನ ಹಣ್ಣಾಗಿತ್ತು.

'ಈಗ ಗಾಳಿ ಎತ್ಲಗೆ ಓಯ್ತದೆ ನೋಡಿ,' ಎಂದು ಹಾಡಿಯ ಅಣ್ಣ ನಮ್ಮ ಅಡುಗೆಮನೆ ಹೆಂಚಿನ ಕಡೆ ಕೈ ತೋರಿಸಿದ. ಒಲೆಯ ಹೊಗೆ ಮೇಲೇಳುತ್ತಿತ್ತು. ಅದು ಕಾಡಿನ ಕಡೆ ವಾಲಿದರೆ ವಾಸನೆಯೂ ಅತ್ತ ಹೋಗುತ್ತದೆ. ಎಲ್ಲರೂ ಹೊಗೆ ನೋಡುತ್ತಾ ನಿಂತರು. ಹೊಗೆ ನೆಟ್ಟಗೆ ಎದ್ದು, ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ಕಾಡಿನ ಕಡೆಯಿಂದ ತಣ್ಣಗೆ ಗಾಳಿ ಬಂತು. ಹೊಗೆ ಕಾಡಿಗೆ ಬೆನ್ನು ಮಾಡಿ ಹುಣಸೂರಿನ ಕಡೆ ಮಲಗಿತು.

'ಬರಾಕಿಲ್ಲ ಇವತ್ತು,' ಅಂದ ಅವನು.

ಅಜ್ಜಿ ದೊಡ್ಡಪ್ಪನ ಕಡೆ ತಿರುಗಿದಳು. 'ಈಗ ಯೋಳು ಮಗ. ಮರ?'

ದೊಡ್ಡಪ್ಪ ಕೊಡಲಿ ಎತ್ತಿಕೊಳ್ಳಲು ಹೋದರು. ಹಲಸಿನ ಅಂಟು ಮೆತ್ತಿದ ಕೈಗೆ ಹಿಡಿ ಕಚ್ಚಿಕೊಂಡಿತು. ಬಿಡಿಸಿಕೊಳ್ಳುತ್ತಾ ನಿಧಾನಕ್ಕೆ ಅಂದರು, 'ಈ ಕೈಲಿ ಏನು ಕಡಿಯಾದು. ಇರ್ಲಿ ಬುಡಿ. ಆದ್ರೆ ಇನ್ನೊಂದ್ಸಲ ಮುಚ್ಚಿಡಬ್ಯಾಡಿ ದೊಡ್ಡವ್ವ. ಬುಟ್ರೆ ಯೋಳಿ. ಎಲ್ರೂ ಬಂದು ಕುಂತು ತಿನ್ನಾನ, ಹಗಲೊತ್ತಲ್ಲೇ.'

'ಯೋಳ್ತೀನಿ,' ಅಂದಳು ಅಜ್ಜಿ, ಮತ್ತು ಹೊಗೆ ನಿಲ್ಲದಿರಲಿ ಅಂತ ಒಲೆಗೆ ಇನ್ನೊಂದು ಸೌದೆ ಹಾಕಲು ಒಳಗೆ ಹೋದಳು.